ಇಂಜಿನ್ ಆಮೇಲೆ ನೋಡಿ, ಮೊದಲು ಆರ್‌ಸಿ ಮತ್ತು ಚಾಸಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟವನ್ನು ನಾನು ತಪ್ಪದೆ ನೋಡುತ್ತೇನೆ. ಸೈಟು, ಮನೆ ನನಗೆ ಬೇಕಿಲ್ಲ. ನನ್ನ ಕಣ್ಣು ಹೋಗುವುದು ಬೈಕುಗಳ ಮೇಲೆ. 'ಸಿಂಗಲ್ ಓನರ್, ಶೋರೂಂ ಕಂಡೀಷನ್, ಅರ್ಜೆಂಟ್ ಮಾರಾಟಕ್ಕಿದೆ' ಅಂತ ಅಲ್ಲಿ ಕಂಡ ಗಾಡಿ ಎಷ್ಟೋ ಸಲ ಮುಂದಿನ ವಾರ ನನ್ನ ಗ್ಯಾರೇಜಿನ ಬಾಗಿಲಿಗೇ ಬಂದಿರುತ್ತದೆ. ನಾನು ಸಾಗರದಲ್ಲಿ ಬೈಕ್ ಮೆಕ್ಯಾನಿಕ್. ಅಡಿಕೆ ದುಡ್ಡು ಕೈಗೆ ಬರುವ ಸಮಯದಲ್ಲಿ, ಮತ್ತೆ ಕಾಲೇಜು ಶುರುವಾಗುವಾಗ, ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರು ಸಾಲಾಗಿ ಬರುತ್ತಾರೆ. 'ಅಣ್ಣಾ, ಗಾಡಿ ತಗೊಂಡೆ, ಹೇಗಿದೆ ಒಮ್ಮೆ ನೋಡಿ' ಅನ್ನುತ್ತಾರೆ. ದುಡ್ಡು ಪೂರ್ತಿ ಕೊಟ್ಟಾಗಿರುತ್ತದೆ. ಆಗ ನಾನು ಏನು ಹೇಳಿದರೆ ಏನು ಪ್ರಯೋಜನ?

ಹಾಗಾಗಿ ಈ ಪತ್ರ. ಸ್ವಲ್ಪ ಉದ್ದವಾದರೂ ಪೂರ್ತಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಹೊಸ ಬೈಕ್ ಬೆಲೆ ಲಕ್ಷದ ಹತ್ತಿರ ಹೋಗಿದೆ, ಕೆಲವು ದಾಟಿಯೂ ಆಗಿದೆ. ಡೈರಿಗೆ ಹಾಲು ಹಾಕುವ ಹುಡುಗ, ಅಂಗನವಾಡಿಗೆ ಹೋಗುವ ಹೆಂಡತಿಯನ್ನು ಬಿಟ್ಟು ಬರುವ ಗಂಡ, ಗಾರೆ ಕೆಲಸದವರು, ಎಲ್ಲರಿಗೂ ಸೆಕೆಂಡ್ ಹ್ಯಾಂಡೇ ಗತಿ. ಅವರ ಪಾಲಿಗೆ ನಲವತ್ತು ಸಾವಿರ ಅಂದರೆ ಸಣ್ಣ ದುಡ್ಡಲ್ಲ.

ಗಾಡಿ ನೋಡಲು ಹೋದವರೆಲ್ಲ ಮೊದಲು ಸ್ಟಾರ್ಟ್ ಮಾಡಿ, ಎಕ್ಸಲೇಟರ್ ಕೊಟ್ಟು, ಇಂಜಿನ್ ಸೌಂಡ್ ಕೇಳುತ್ತಾರೆ. ಆಮೇಲೆ ಮೀಟರಿನಲ್ಲಿ ಎಷ್ಟು ಓಡಿದೆ ನೋಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಇಂಜಿನ್ ಹಾಳಾದರೆ ರಿಪೇರಿ ಇದೆ. ಬೋರ್ ಹೊಡೆಸಬಹುದು, ಪಿಸ್ಟನ್ ಹಾಕಬಹುದು, ಕ್ಲಚ್ ಪ್ಲೇಟ್ ಬದಲಿಸಬಹುದು. ಎಷ್ಟು ಖರ್ಚು ಅಂತ ಮೊದಲೇ ಲೆಕ್ಕ ಹಾಕಿ ಬೆಲೆಯಲ್ಲಿ ಕಳೆಯಬಹುದು. ಆದರೆ ಚಾಸಿ, ಅಂದರೆ ಗಾಡಿಯ ಫ್ರೇಮ್, ಬೆಂಡ್ ಆಗಿದ್ದರೆ ಆ ಗಾಡಿ ಮೊದಲಿನಂತೆ ಆಗುವುದಿಲ್ಲ. ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಬೇರೆಯವರ ಹೆಸರು ಕೂತಿದ್ದು, ಆ ಮನುಷ್ಯ ಸಿಗದಿದ್ದರೆ ಅದಕ್ಕೂ ನನ್ನ ಹತ್ತಿರ ಸ್ಪ್ಯಾನರ್ ಇಲ್ಲ.

ಕಾಗದದಿಂದಲೇ ಶುರು ಮಾಡುತ್ತೇನೆ. ಆರ್‌ಸಿ ಕೈಗೆ ತಗೊಳ್ಳಿ, ಜೆರಾಕ್ಸ್ ಬೇಡ, ಒರಿಜಿನಲ್ ಕೇಳಿ. ಅದರಲ್ಲಿರುವ ಹೆಸರು ನಿಮ್ಮೆದುರು ನಿಂತು ಮಾರುತ್ತಿರುವವರದೇ ಅಂತ ಅವರ ಆಧಾರ್ ನೋಡಿ ಖಾತ್ರಿ ಮಾಡಿಕೊಳ್ಳಿ. 'ನಮ್ಮ ಭಾವನ ಗಾಡಿ', 'ಫ್ರೆಂಡ್ ದುಬೈಗೆ ಹೋಗಿದಾನೆ' ಅಂದರೆ ಆ ಭಾವ, ಆ ಫ್ರೆಂಡ್ ಜೊತೆ ನೀವೇ ಮಾತಾಡುವ ತನಕ ಒಂದು ರೂಪಾಯಿಯೂ ಕೊಡಬೇಡಿ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಆರ್‌ಸಿ ಎಲ್ಲಿಯವರೆಗೆ ಇದೆ, ಇನ್ಶೂರೆನ್ಸ್ ಇದೆಯಾ, ಫೈನಾನ್ಸ್ ಇದೆಯಾ ಎಲ್ಲ ಕಾಣುತ್ತದೆ. ಎರಡು ನಿಮಿಷದ ಕೆಲಸ.

ಆಮೇಲೆ ಪೆಟ್ರೋಲ್ ಹಾಕಿದ ಬಟ್ಟೆ ಹಿಡಿದುಕೊಂಡು ಗಾಡಿಯ ಹತ್ತಿರ ಕೂರಿ. ಬಹುತೇಕ ಬೈಕುಗಳಲ್ಲಿ ಹ್ಯಾಂಡಲ್ ಕೆಳಗೆ, ಫ್ರೇಮಿನ ಕುತ್ತಿಗೆಯ ಮೇಲೆ ಚಾಸಿ ನಂಬರ್ ಕೊರೆದಿರುತ್ತಾರೆ. ಇಂಜಿನ್ ನಂಬರ್ ಇಂಜಿನ್ ಕೇಸಿನ ಮೇಲೆ ಇರುತ್ತದೆ. ಧೂಳು, ಗ್ರೀಸ್ ಒರೆಸಿ ಒಂದೊಂದೇ ಅಕ್ಷರ ಆರ್‌ಸಿ ಜೊತೆ ತಾಳೆ ನೋಡಿ. ಅಕ್ಷರಗಳು ಮೇಲೆ ಕೆಳಗೆ ಆಗಿದ್ದರೆ, ಸುತ್ತಮುತ್ತ ಗ್ರೈಂಡರ್ ಗೀರು ಇದ್ದರೆ, ಅಷ್ಟೇ ಜಾಗಕ್ಕೆ ಹೊಸ ಪೇಂಟ್ ಹೊಡೆದಿದ್ದರೆ, ಅಲ್ಲಿಂದ ಎದ್ದು ಬನ್ನಿ. ಕದ್ದ ಗಾಡಿ ತಗೊಂಡರೆ ಪೊಲೀಸರು ಗಾಡಿ ಎತ್ತಿಕೊಂಡು ಹೋಗುತ್ತಾರೆ, ಕೊಟ್ಟ ದುಡ್ಡಿನ ಆಸೆ ಬಿಡಬೇಕು, ಮೇಲೆ ಸ್ಟೇಷನ್ನಿಗೆ ಅಲೆದಾಟ.

ಹಳೇ ಯಮಹಾ ಆರ್‌ಎಕ್ಸ್ 100, ಯೆಜ್ಡಿ ಬೈಕ್ ಹುಡುಕುವ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು. ಯೆಜ್ಡಿ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಅದು 1996ಕ್ಕೆ ನಿಂತಿತು. ಆರ್‌ಎಕ್ಸ್ 100 ಕೂಡ ಅದೇ ವರ್ಷ ನಿಂತಿತು. ಅಂದರೆ ಈಗ ಸಿಗುವ ಆ ಹಳೇ ಗಾಡಿಗಳೆಲ್ಲ ಇಪ್ಪತ್ತೈದು ವರ್ಷ ದಾಟಿದವು. ಹದಿನೈದು ವರ್ಷ ಆದಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಆಗಿರಬೇಕು. ಆಗಿಲ್ಲ ಅಂದರೆ ಮೊದಲು ಅದನ್ನು ಸರಿ ಮಾಡಿಸಿಯೇ ನಿಮ್ಮ ಹೆಸರಿಗೆ ಹೋಗಬೇಕು. ಗುಜರಿಗೆ ಹೋದ ಒಂದು ಗಾಡಿಯ ಆರ್‌ಸಿ, ಇನ್ನೊಂದು ಗಾಡಿಯ ಚಾಸಿ, ಮೂರನೆಯದರ ಇಂಜಿನ್ ಸೇರಿಸಿ ಪಾಲಿಶ್ ಹೊಡೆದು ಲಕ್ಷದ ಮೇಲೆ ಕೇಳುವವರಿದ್ದಾರೆ. ಆ ಗಾಡಿಗಳ ಮೇಲೆ ನನಗೂ ಪ್ರೀತಿ ಇದೆ, ಅವುಗಳ ಸೌಂಡ್ ಕೇಳಿದರೆ ಈಗಲೂ ಕೆಲಸ ಬಿಟ್ಟು ಹೊರಗೆ ಬಂದು ನೋಡುತ್ತೇನೆ. ಆದರೂ ನಂಬರ್ ತಾಳೆ ಆಗದೆ ತಗೊಳ್ಳಬೇಡಿ.

ಆರ್‌ಸಿಯಲ್ಲಿ ಫೈನಾನ್ಸಿನ ಹೆಸರು ಇದ್ದರೆ 'ಲೋನ್ ಯಾವಾಗಲೋ ಮುಗೀತು' ಅನ್ನುವ ಬಾಯಿಮಾತು ಸಾಲದು. ಸಾಲ ತೀರಿದೆ, ತಕರಾರಿಲ್ಲ ಅನ್ನುವ ಬ್ಯಾಂಕಿನ ಪತ್ರ (ಎನ್‌ಒಸಿ) ಮತ್ತು ಫಾರಂ 35 ಬೇಕು, ಆರ್‌ಟಿಒದಲ್ಲಿ ಎಚ್‌ಪಿ, ಅಂದರೆ ಆರ್‌ಸಿಯಲ್ಲಿರುವ ಸಾಲದ ನಮೂದು, ತೆಗೆಸಬೇಕು. ಅದನ್ನು ಮಾರುವವರೇ ಮಾಡಿಸಿಕೊಡಲಿ.

ಈಗ ಒಂದು ಗಾಡಿಯ ಕಥೆ ಹೇಳುತ್ತೇನೆ. ಹಳ್ಳಿಯ ಹುಡುಗನೊಬ್ಬ 100 ಸಿಸಿ ಗಾಡಿ ತಗೊಂಡು ಬಂದ. ನಾನು ಇಂಜಿನ್ ಕೇಳಿದೆ, ಚಿನ್ನದಂಥ ಇಂಜಿನ್. ಚಾಸಿಯೂ ನೇರ. ತುಂಬಾ ಖುಷಿಯಾಗಿ, 'ಟ್ರಾನ್ಸ್‌ಫರ್ ಆಯ್ತಾ ತಮ್ಮಾ?' ಅಂತ ಕೇಳಿದೆ. ಆರ್‌ಸಿ ತೋರಿಸಿದ. ಅದು ಮಾರಿದವನ ಅಪ್ಪನ ಹೆಸರಲ್ಲಿ ಇತ್ತು, ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಓನರ್ ತೀರಿಹೋದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ಅರ್ಜಿ ಹಾಕಿ ವರ್ಗಾಯಿಸಬೇಕು. ಮರಣ ಪ್ರಮಾಣಪತ್ರ ಬೇಕು, ಉಳಿದ ಮಕ್ಕಳ ಒಪ್ಪಿಗೆ ಬೇಕು. ಮಾರಿದವನು ಕಿರಿ ಮಗ. ಅಣ್ಣನ ಜೊತೆ ಜಮೀನಿನ ವಿಚಾರಕ್ಕೆ ಮಾತಿಲ್ಲ. ಅಣ್ಣ ಸಹಿ ಹಾಕಲ್ಲ ಅಂದ. ಹುಡುಗ ಈಗಲೂ ಆ ಗಾಡಿಯನ್ನೇ ಓಡಿಸುತ್ತಿದ್ದಾನೆ, ಸತ್ತವರ ಹೆಸರಿನ ಗಾಡಿ. ಬೇರೆಯವರಿಗೆ ಮಾರುವ ಹಾಗೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಹೀಗೆ ನಿಂತಿರುವ ಗಾಡಿಗಳು ಕಮ್ಮಿಯಿಲ್ಲ.

ಟ್ರಾನ್ಸ್‌ಫರ್ ಅನ್ನು 'ಆಮೇಲೆ ಮಾಡಿಸಿದರಾಯ್ತು' ಅಂತ ಬಿಡುವವರೇ ಜಾಸ್ತಿ. ಹೆಸರು ವರ್ಗಾವಣೆಯ ಫಾರಂ 29, ಫಾರಂ 30ಕ್ಕೆ ಸಹಿ ಹಾಕಿಸಿ ಇಟ್ಟುಕೊಂಡರೆ ಕೆಲಸ ಮುಗಿಯಿತು ಅಂದುಕೊಂಡಿದ್ದಾರೆ. ಕಾನೂನಿನ ಪ್ರಕಾರ ರಾಜ್ಯದ ಒಳಗೇ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ತಗೊಂಡವರು 30 ದಿನದೊಳಗೆ. ಇಲ್ಲಿ ಮಾರುವವರಿಗೆ ಇನ್ನೂ ದೊಡ್ಡ ಅಪಾಯ ಇದೆ. ಗಾಡಿ ಮಾರಿದ್ದರೂ ಆರ್‌ಸಿಯಲ್ಲಿ ಯಾರ ಹೆಸರು ಇದೆಯೋ ಅವರೇ ಓನರ್, ಅಪಘಾತದ ಪರಿಹಾರದ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ನೀವು ಯಾರಿಗೋ ಮಾರಿ, ಅವರು ಇನ್ಯಾರಿಗೋ ಮಾರಿ, ಆ ಮೂರನೆಯವರು ಇನ್ಶೂರೆನ್ಸ್ ಇಲ್ಲದೆ ಯಾರಿಗಾದರೂ ಗುದ್ದಿದರೆ, ನೋಟಿಸ್ ಬರುವುದು ನಿಮ್ಮ ಮನೆಗೆ.

ತಗೊಂಡವರಿಗೂ ನಷ್ಟ ಇದೆ. ಓನರ್ ಕಂ ಡ್ರೈವರ್‌ಗೆ ಅಂತ ಇನ್ಶೂರೆನ್ಸ್‌ನಲ್ಲಿ 15 ಲಕ್ಷದ ಅಪಘಾತ ವಿಮೆ ಇರುತ್ತದೆ. ಆರ್‌ಸಿ, ಪಾಲಿಸಿ ನಿಮ್ಮ ಹೆಸರಲ್ಲಿ ಇಲ್ಲದಿದ್ದರೆ ನಿಮ್ಮ ಮನೆಯವರಿಗೆ ಆ ದುಡ್ಡು ಸಿಗುವುದಿಲ್ಲ. ಇನ್ನೊಂದು ವಿಷಯ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ವಿಮೆ) ಕಡ್ಡಾಯವಾಯಿತು. 'ಐದು ವರ್ಷದ್ದು ಇದೆ' ಅಂತ ಮಾರುವವರು ಈಗಲೂ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರೂ ನೋಡಿಲ್ಲ ಅಷ್ಟೇ. 2019ರ ಗಾಡಿಯ ಆ ಐದು ವರ್ಷ 2024ಕ್ಕೇ ಮುಗಿದಿದೆ. ಪಾಲಿಸಿ ತೆಗೆದು ತಾರೀಕು ಓದಿ.

ಬ್ರೋಕರ್, ಕನ್ಸಲ್ಟೆಂಟ್ ಹತ್ತಿರ ತಗೊಳ್ಳುವವರಿಗೆ ಒಂದು ಮಾಹಿತಿ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ವ್ಯಾಪಾರ ಮಾಡುವವರು ಆರ್‌ಟಿಒದಿಂದ ಅಧಿಕೃತ ಡೀಲರ್ ಅಂತ ಪ್ರಮಾಣಪತ್ರ ಪಡೆಯಬೇಕು ಅನ್ನುವ ನಿಯಮ ಬಂದಿದೆ. ಓನರ್ ಗಾಡಿ ಒಪ್ಪಿಸಿ ಪೋರ್ಟಲ್‌ನಲ್ಲಿ ತಿಳಿಸಿದ ಮೇಲೆ ಡೀಲರೇ ಓನರ್ ಇದ್ದ ಹಾಗೆ. ಅಂಗಡಿಗೆ ಹೋದಾಗ 'ನಿಮ್ಮ ಪ್ರಮಾಣಪತ್ರ ತೋರಿಸಿ' ಅಂತ ಕೇಳಲು ಸಂಕೋಚ ಬೇಡ.

ಬೆಂಗಳೂರಿನಿಂದ ಬಂದ ಗಾಡಿಯಾದರೆ ಬಾಕಿ ದಂಡ ಎಷ್ಟಿದೆ ನೋಡಿಕೊಳ್ಳಿ. ಅಲ್ಲಿ ಸಿಗ್ನಲ್ಲಿನ ಕ್ಯಾಮೆರಾ ಫೋಟೊ ತೆಗೆದು ದಂಡ ಹಾಕುತ್ತದೆ, ಅದು ಗಾಡಿ ನಂಬರಿಗೆ ಅಂಟಿಕೊಂಡೇ ಬರುತ್ತದೆ. 2023ರ ಫೆಬ್ರುವರಿಯಲ್ಲಿ ಅರ್ಧ ದಂಡ ಕಟ್ಟಿ ಅಂದಾಗ ಜನ ಹೇಗೆ ಮುಗಿಬಿದ್ದರು ನೋಡಿದ್ದೇವೆ ಅಲ್ವಾ? ಬೇರೆ ರಾಜ್ಯದ ಗಾಡಿ ಕಡಿಮೆ ಬೆಲೆಗೆ ಸಿಕ್ಕಿದರೆ ಆ ಆರ್‌ಟಿಒದ ಎನ್‌ಒಸಿ ಜೊತೆಗೆ ಇಲ್ಲಿ ಕಟ್ಟಬೇಕಾದ ಲೈಫ್ ಟ್ಯಾಕ್ಸ್ ಕೂಡಿಸಿ ಲೆಕ್ಕ ಹಾಕಿ. ಕಡಿಮೆ ಬೆಲೆ ಅಲ್ಲಿಗೇ ಮುಗಿಯುತ್ತದೆ. 2019ರ ಏಪ್ರಿಲ್‌ಗಿಂತ ಹಳೇ ಗಾಡಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್, ಹಾಕಿಸಿದ್ದಾರಾ, ಅದನ್ನೂ ಮೊದಲೇ ಕೇಳಿ.

ಇನ್ನು ಚಾಸಿ. ಬಿದ್ದ ಗಾಡಿಯನ್ನು ಪೇಂಟ್ ಮಾಡಿ, ಹೊಸ ಹೆಡ್‌ಲೈಟ್ ಡೂಮ್ ಹಾಕಿ ನಿಲ್ಲಿಸಿದರೆ ನೋಡುವವರಿಗೆ ಗೊತ್ತಾಗುವುದಿಲ್ಲ. ಆದರೆ ಒಂದು ಜಾಗವನ್ನು ಹೆಚ್ಚಿನವರು ಮುಚ್ಚುವುದಿಲ್ಲ, ಯಾಕೆಂದರೆ ಅಲ್ಲಿ ಯಾರೂ ನೋಡುವುದಿಲ್ಲ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ, ಆಮೇಲೆ ಪೂರ್ತಿ ಬಲಕ್ಕೆ. ಅದು ತಾಗಿ ನಿಲ್ಲಲು ಫ್ರೇಮಿನ ಕುತ್ತಿಗೆಯ ಕೆಳಗೆ ಕಬ್ಬಿಣದ ಸಣ್ಣ ತಡೆ ಇರುತ್ತದೆ. ಟಾರ್ಚ್ ಬಿಟ್ಟು ಅದನ್ನು ನೋಡಿ. ಮುಂದಿನಿಂದ ಜೋರಾಗಿ ಗುದ್ದಿದ ಗಾಡಿಯಲ್ಲಿ ಆ ತಡೆ ಚಪ್ಪಟೆಯಾಗಿರುತ್ತದೆ, ಮುರಿದಿರುತ್ತದೆ, ಇಲ್ಲವೇ ವೆಲ್ಡಿಂಗ್ ಮಾಡಿರುತ್ತಾರೆ. ಹ್ಯಾಂಡಲ್ ತಿರುಗಿಸಿದಾಗ ಟ್ಯಾಂಕಿಗೆ ತಾಗುತ್ತಿದ್ದರೆ ಇನ್ನು ಹೇಳುವುದೇ ಬೇಡ. ಅಲ್ಲೇ ಸುತ್ತ ಪೇಂಟ್ ಸಿಡಿದು ಗೆರೆ ಬಿದ್ದಿದೆಯಾ ನೋಡಿ. ಗೆರೆ ಇದ್ದರೆ ಒಳಗೆ ಕಬ್ಬಿಣ ಬಾಗಿದೆ ಅಂತಲೇ ಲೆಕ್ಕ.

ಹಾಗೇ ಡಬಲ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರನ್ನು ಒತ್ತಿ ಹಿಡಿಯಲು ಹೇಳಿ. ಮುಂದಿನ ಚಕ್ರ ನೆಲ ಬಿಡಬೇಕು. ಈಗ ಹ್ಯಾಂಡಲನ್ನು ಎರಡು ಬೆರಳಲ್ಲಿ ನಿಧಾನ ಆಡಿಸಿ. ನಡುವೆ ಒಂದು ಕಡೆ 'ಟಕ್' ಅಂತ ಸಿಕ್ಕಿಕೊಂಡ ಹಾಗಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಅದು ಬದಲಿಸಬಹುದಾದ ಸಾಮಾನು, ಹೆದರಬೇಡಿ, ಬೆಲೆಯಲ್ಲಿ ಕಳೆಯಿರಿ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕೆಳಭಾಗ ಹಿಡಿದು ಹಿಂದೆ ಮುಂದೆ ಎಳೆದು ನೋಡಿ, ಆಟ ಇರಬಾರದು. ಫೋರ್ಕಿನ ಪೈಪಿನ ಮೇಲೆ ಹೆಬ್ಬೆರಳು ಆಡಿಸಿ. ತುಕ್ಕಿನ ಗುಳಿ ಕೈಗೆ ಸಿಕ್ಕಿದರೆ ಎಷ್ಟು ಸಲ ಆಯಿಲ್ ಸೀಲ್ ಹಾಕಿದರೂ ಹರಿದು ಸೋರುತ್ತದೆ. ಹಿಂದಿನ ಚಕ್ರ ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಬುಷ್ ಆಟ ಗೊತ್ತಾಗುತ್ತದೆ. ಕೊನೆಗೆ ಗಾಡಿಯಿಂದ ಹತ್ತು ಹೆಜ್ಜೆ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿ. ಎರಡೂ ಚಕ್ರ ಒಂದೇ ಗೆರೆಯಲ್ಲಿ ಇರಬೇಕು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಭಟ್ಕಳ, ಹೊನ್ನಾವರ, ಕುಂದಾಪುರದಿಂದ ಘಟ್ಟ ಹತ್ತಿ ಬರುವ ಗಾಡಿಗಳು ಮೇಲೆ ಥಳ ಥಳ ಅನ್ನುತ್ತವೆ. ಕಡಲ ಗಾಳಿಯ ಉಪ್ಪು ಕೆಲಸ ಮಾಡುವುದು ಕೆಳಗೆ. ಹಿಂದಿನ ಮಡ್‌ಗಾರ್ಡಿನ ಒಳಗೆ, ಡಬಲ್ ಸ್ಟ್ಯಾಂಡಿನ ಕೀಲಿನಲ್ಲಿ, ಸೈಲೆನ್ಸರಿನ ತಳದಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಗಟ್ಟಿ ಇದ್ದರೆ ಸರಿ, ಪುಡಿ ಉದುರಿದರೆ ಬೇಡ. ಮಲೆನಾಡಿನದೇ ಗಾಡಿಯಾದರೆ ಪೆಟ್ರೋಲ್ ಟ್ಯಾಂಕಿನೊಳಗೆ ಟಾರ್ಚ್ ಬಿಡಿ. ಮಳೆಗಾಲದಲ್ಲಿ ಖಾಲಿ ಟ್ಯಾಂಕ್ ಇಟ್ಟು ನಿಲ್ಲಿಸಿದ ಗಾಡಿಯಲ್ಲಿ ತಳವೆಲ್ಲ ಕೆಂಪಾಗಿರುತ್ತದೆ. ಕಾರ್ಬುರೇಟರ್ ಗಾಡಿಯಾದರೆ ಬಿಚ್ಚಿ ತೊಳೆದರೆ ಆಯಿತು. 2020ರ ನಂತರದ, ಹೊಸ ಹೊಗೆ ನಿಯಮದ ಬಿಎಸ್6 ಗಾಡಿಗಳಲ್ಲಿ ಆ ತುಕ್ಕು ಪೆಟ್ರೋಲ್ ಪಂಪಿಗೆ, ಇಂಜೆಕ್ಟರಿಗೆ ಹೋಗುತ್ತದೆ, ಖರ್ಚು ಜೋರು. ನೆರೆ ನೀರಲ್ಲಿ ಮುಳುಗಿದ ಗಾಡಿಯೋ ಅಂತ ಅನುಮಾನ ಬಂದರೆ ಸೀಟ್ ತೆಗೆದು ವೈರಿನ ಕಪ್ಲರ್ ಬಿಚ್ಚಿ. ಒಳಗೆ ಹಸಿರು ಪಾಚಿಯಂತೆ ಕಟ್ಟಿದ್ದರೆ, ಏರ್ ಫಿಲ್ಟರ್ ಡಬ್ಬಿಯ ಮೂಲೆಯಲ್ಲಿ ನುಣ್ಣನೆ ಮಣ್ಣು ಇದ್ದರೆ ಅನುಮಾನ ನಿಜ.

ಇಂಜಿನ್ ನೋಡಲು ಬೆಳಿಗ್ಗೆಯೇ ಹೋಗಿ. ಹೋಗುವ ಮೊದಲೇ 'ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ' ಅಂತ ಹೇಳಿರಿ. ಹೋದ ಕೂಡಲೇ ಇಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದೇ ಮುಖ್ಯ. ನಮ್ಮ ಚಳಿಯಲ್ಲಿ ಬೆಳಿಗ್ಗೆ ಸೈಲೆನ್ಸರಿನಿಂದ ಬಿಳಿ ಆವಿ ಬಂದರೆ ಗಾಬರಿ ಬೇಡ, ಅದು ಸ್ವಲ್ಪ ಹೊತ್ತಲ್ಲಿ ಹೋಗುತ್ತದೆ. ನೀಲಿ ಹೊಗೆ ಬಂದು ಸುಟ್ಟ ಆಯಿಲ್ ವಾಸನೆ ಹೊಡೆದರೆ ರಿಂಗ್ ಅಥವಾ ವಾಲ್ವ್ ಸೀಲ್ ಕೆಲಸ ಇದೆ. ಟ್ಯಾಪೆಟ್ 'ಟಿಕ್ ಟಿಕ್' ಅನ್ನುವುದು ಸಣ್ಣ ಕೆಲಸ. ಟೈಮಿಂಗ್ ಚೈನ್ 'ಕರ ಕರ' ಅಂದರೂ ಮಾಡಬಹುದು. ಎಕ್ಸಲೇಟರ್ ಕೊಟ್ಟಾಗ ಇಂಜಿನ್ನಿನ ತಳದಿಂದ 'ಡಗ ಡಗ' ಅಂತ ದಪ್ಪ ಸೌಂಡ್ ಬಂದರೆ ಅದು ಕ್ರ್ಯಾಂಕ್, ಇಂಜಿನ್ ಪೂರ್ತಿ ಇಳಿಸಬೇಕು. ಆ ಸೌಂಡ್ ಮುಚ್ಚಲು ದಪ್ಪ ಆಯಿಲ್ ಹಾಕಿ ತೋರಿಸುತ್ತಾರೆ. ಆಯಿಲ್ ಬಿಸಿಯಾಗಿ ತೆಳ್ಳಗಾದ ಮೇಲೆ ಬಣ್ಣ ಬಯಲಾಗುತ್ತದೆ. ಅದಕ್ಕೇ ಗಲ್ಲಿಯಲ್ಲಿ ಒಂದು ರೌಂಡ್ ಹೊಡೆದರೆ ಸಾಲದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಒಂದು ಒಳ್ಳೆಯ ಏರು ಹತ್ತಿಸಿ. ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಅಂದರೆ ಕ್ಲಚ್ ಪ್ಲೇಟ್ ಮುಗಿದಿದೆ.

ಬಿಎಸ್6 ಗಾಡಿಯಲ್ಲಿ ಕೀ ಆನ್ ಮಾಡಿದಾಗ ಮೀಟರಿನಲ್ಲಿ ಇಂಜಿನ್ ಚಿತ್ರದ ಲೈಟ್ ಹತ್ತಬೇಕು, ಸ್ಟಾರ್ಟ್ ಆದಮೇಲೆ ಹೋಗಬೇಕು. ಹೋಗದಿದ್ದರೆ ತೊಂದರೆ ಇದೆ. ಹತ್ತಲೇ ಇಲ್ಲ ಅಂದರೆ ಯಾರೋ ಲೈಟ್ ಕಿತ್ತಿರಬಹುದು, ಅದು ಇನ್ನೂ ದೊಡ್ಡ ತೊಂದರೆ.

ಮೀಟರ್ ಓದಿ ತೀರ್ಮಾನ ಮಾಡಬೇಡಿ. ಹಿಂದೆ ಕೇಬಲ್ ಬಿಚ್ಚಿ ಓಡಿಸುತ್ತಿದ್ದರು, ಈಗ ಡಿಜಿಟಲ್ ಮೀಟರನ್ನೂ ತಿದ್ದುತ್ತಾರೆ. ಗೇರ್ ಲಿವರಿನ ರಬ್ಬರ್, ಫುಟ್‌ರೆಸ್ಟ್, ಬ್ರೇಕ್ ಪೆಡಲ್ ಎಷ್ಟು ಸವೆದಿದೆ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2323 ಅಂದರೆ 2023ರ 23ನೇ ವಾರ ತಯಾರಾದ ಟೈರ್. ಗಾಡಿ 2021ರದ್ದು, ಮೀಟರಿನಲ್ಲಿ ಒಂಬತ್ತು ಸಾವಿರ, ಎರಡೂ ಟೈರ್ 2023ರದ್ದು ಅಂದರೆ ಕೇಳಿ: ಒಂಬತ್ತು ಸಾವಿರಕ್ಕೇ ಟೈರ್ ಯಾಕೆ ಬದಲಾಯಿತು? ಉತ್ತರ ಕೊಡುವಾಗ ಮುಖ ನೋಡಿ.

ನಮ್ಮ ಕಸುಬಿನವರ ಬಗ್ಗೆಯೂ ಹೇಳಲೇಬೇಕು. ಗಾಡಿ ಹೋಗಲಿ ಅಂತ ಬ್ರೋಕರ್ ಕೈಯಿಂದ ಕಮಿಷನ್ ತಗೊಂಡು 'ಕಣ್ಣು ಮುಚ್ಚಿ ತಗೊಳ್ಳಿ' ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ನನಗೆ ಇದು ಸಂಕಟದ ವಿಷಯ. ಬ್ರೋಕರ್ ತೋರಿಸಿದ ಗ್ಯಾರೇಜಿಗೆ ಹೋಗಬೇಡಿ, ನಿಮಗೆ ಗೊತ್ತಿರುವವರನ್ನು ಕರೆದುಕೊಂಡು ಹೋಗಿ. ಅವರ ಅರ್ಧ ದಿನದ ಕೂಲಿ ಕೊಡಿ, ಸುಮ್ನೆ ಟೀ ಕುಡಿಸಿ ಕಳಿಸಬೇಡಿ. ಮೆಕ್ಯಾನಿಕ್ ಗೆಳೆಯರೇ, ನಾವೂ ಆ ಕೂಲಿಯನ್ನು ತಗೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳೋಣ.

ವ್ಯಾಪಾರ ಕುದುರಿದರೆ ಅಡ್ವಾನ್ಸ್ ಕೊಟ್ಟು, ಉಳಿದದ್ದನ್ನು ಆರ್‌ಟಿಒದಲ್ಲಿ ಟ್ರಾನ್ಸ್‌ಫರ್ ಅರ್ಜಿ ಹಾಕಿದ ದಿನ ಕೊಡಿ. ಗಾಡಿ ಕೈಗೆ ತಗೊಳ್ಳುವಾಗ ತಾರೀಕು ಮಾತ್ರ ಅಲ್ಲ, ಗಂಟೆಯನ್ನೂ ಬರೆದು ಇಬ್ಬರೂ ಸಹಿ ಹಾಕಿ. ಆ ಗಂಟೆಗಿಂತ ಮೊದಲಿನ ದಂಡ, ಅಪಘಾತ ಅವರದು, ನಂತರದ್ದು ನಿಮ್ಮದು ಅನ್ನುವುದಕ್ಕೆ ಅದೊಂದು ದಾಖಲೆ. ಎರಡೂ ಕೀ ಕೇಳಿ ತಗೊಳ್ಳಿ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಹಳೇ ಗಾಡಿಯ ಜಾಹೀರಾತು ಬರೆಸಿಕೊಳ್ಳುವಾಗ ಮಾರುವವರಿಗೆ ಮೂರು ಪ್ರಶ್ನೆ ಕೇಳಿ: ಆರ್‌ಸಿ ನಿಮ್ಮದೇ ಹೆಸರಲ್ಲಿ ಇದೆಯಾ, ಫೈನಾನ್ಸ್ ಕ್ಲಿಯರ್ ಆಗಿದೆಯಾ, ಇನ್ಶೂರೆನ್ಸ್ ಯಾವ ತಿಂಗಳವರೆಗೆ ಇದೆ. ಆ ಉತ್ತರವನ್ನು 'ಶೋರೂಂ ಕಂಡೀಷನ್' ಅನ್ನುವ ಜಾಗದಲ್ಲಿ ಅಚ್ಚು ಹಾಕಿ. ಅಷ್ಟೇ ಪದ, ಅಷ್ಟೇ ಜಾಗ ಸಾಕು. ಉತ್ತರ ಕೊಡಲು ಒಪ್ಪದವರ ಜಾಹೀರಾತು ತಗೊಳ್ಳಬೇಕೋ ಬೇಡವೋ ನೀವೇ ಯೋಚಿಸಿ.

ಇಂತಿ,
ಒಬ್ಬ ಬೈಕ್ ಮೆಕ್ಯಾನಿಕ್
ಸಾಗರ, ಶಿವಮೊಗ್ಗ ಜಿಲ್ಲೆ